ಟೆಡ್‌ನ ಊಟದ ಡಬ್ಬಿಯ ಮುಚ್ಚಳ

ಜೂನ್ 12, 1990, ಮಂಗಳವಾರ

ಈ ಪುಸ್ತಕ ಮರ ಕೊಯ್ಯುವ ಮಿಲ್ಲಿನದು. ಒಂದೊಂದು ಗರಗಸಕ್ಕೂ ಒಂದೊಂದು ಸಾಲು: ತಾರೀಖು, ಹಲ್ಲು ಎಷ್ಟು, ಬಿರುಕು ಎಲ್ಲಿ, ಕೊನೆಯಲ್ಲಿ ಷರಾ. ಇಪ್ಪತ್ತಾರು ವರ್ಷ ಇಂಥವನ್ನೇ ತುಂಬಿಸಿದೆ. ಮಿಲ್ಲಿಗೆ ಬೀಗ ಹಾಕಿದ ದಿನ ಖಾಲಿ ಪುಸ್ತಕ ಒಂದನ್ನು ಎತ್ತಿಕೊಂಡು ಬಂದೆ, ಯಾರನ್ನೂ ಕೇಳಲಿಲ್ಲ. ಈಗ ಬರೆಯುವುದಕ್ಕೆ ಗರಗಸವೇ ಇಲ್ಲ.

ಇನ್ನು ಕಾಡು ಕಡಿಯಕೂಡದು ಎಂದು ಸರ್ಕಾರ ಹೇಳಿತು, ಮಿಲ್ಲು ಮುಚ್ಚಿತು. ಒಂಬತ್ತು ವಾರವಾಯಿತು. ಹೆಂಡತಿ ಥೆಲ್ಮಾ ಬೆಳಿಗ್ಗೆ ಆರಕ್ಕೇ ಆಸ್ಪತ್ರೆಗೆ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಾಳೆ. ನಾನು ಮನೆಯಲ್ಲಿ ಅವಳ ಕಾಲಿಗೆ ಅಡ್ಡ. ಅಡುಗೆಮನೆಯ ಚಾಕುಗಳನ್ನೆಲ್ಲ ಈ ತಿಂಗಳಲ್ಲಿ ಮೂರನೆಯ ಸಲ ಹರಿತ ಮಾಡಿದ್ದೆ. ನಿನ್ನೆ ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಳು. ಏನಾದರೂ ಮಾಡು ವರ್ನ್, ಆದರೆ ಮನೆಯ ಹೊರಗೆ ಮಾಡು ಅಂದಳು.

ಶೆಡ್ಡಿನಲ್ಲಿ ನೆಲದೊಳಗಿನ ಲೋಹ ಪತ್ತೆಹಚ್ಚುವ ಡಿಟೆಕ್ಟರ್ ಬಿದ್ದಿತ್ತು. ಆರು ವರ್ಷದ ಹಿಂದೆ ನಾನೂ ಕೆವ್‌ನೂ ಅರ್ಧರ್ಧ ಹಾಕಿ ಕೊಂಡದ್ದು. ಚಿನ್ನ ಹುಡುಕುತ್ತೇವೆ ಎಂದು ಹೊರಟು ಬಿಯರ್ ಡಬ್ಬಿಗಳನ್ನು ಹುಡುಕಿದೆವು. ನಾನು ಹರಿತ ಮಾಡಿಕೊಟ್ಟ ಗರಗಸವನ್ನು ಹದಿನೆಂಟು ವರ್ಷ ಓಡಿಸಿದವನು ಕೆವ್. ಈಗ ಅರಣ್ಯದವರ ಹಸಿರು ಅಂಗಿ ತೊಟ್ಟಿದ್ದಾನೆ. ಮೊನ್ನೆ ಮೊನ್ನೆಯವರೆಗೆ ಕಡಿಯುತ್ತಿದ್ದ ಮರಗಳಿಗೆ ಈಗ ಹೆಸರಿನ ಹಲಗೆ ಹೊಡೆಯುತ್ತಾನೆ, ಪ್ರವಾಸಿಗರು ಓದಲಿ ಎಂದು. ಏಪ್ರಿಲ್‌ನಿಂದ ಅವನೊಂದಿಗೆ ಮಾತಿಲ್ಲ. ಇನ್ನು ಮುಂದೆಯೂ ಇಲ್ಲ.

ರೈತ ಬ್ರೆಸ್ಸಾನ್‌ನ ಮನೆಯ ಹಿಂದಿನ ಹೊಲಕ್ಕೆ ಹೋದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ದಂಡಿನ ಬಿಡಾರವಿತ್ತು. ಆರು ಕಾಡತೂಸು, ಎರಡು ಡೇರೆ ಗೂಟ, ಒಂದು ಹಿತ್ತಾಳೆ ಗುಂಡಿ ಸಿಕ್ಕವು. ಬೆನ್ನು ನೋಯುತ್ತಿದೆ.

ಜೂನ್ 15, ಶುಕ್ರವಾರ

ಇಲ್ಲಿಯ ಕೆಂಪು ಮಣ್ಣು ಕಬ್ಬಿಣಕ್ಕೆ ಅಂಟಿದರೆ ಇಟ್ಟಿಗೆಯೇ ಸರಿ. ಡಿಟೆಕ್ಟರ್ ಹಿಡಿಯುವವರ ಸಂಘದ ಕಾರ್ಯದರ್ಶಿಗೆ ಫೋನು ಮಾಡಿ ಕೇಳಿದೆ. ಮೂರು ದಿನ ಬರೀ ನೀರು, ಆಮೇಲೆ ಎಣ್ಣೆ, ಆಮೇಲೆ ಹಲ್ಲುಕಡ್ಡಿಯಿಂದ ಮೆಲ್ಲಗೆ ಬಿಡಿಸಬೇಕು, ಏನು ಲೋಹ ಎಂದು ಗೊತ್ತಾಗುವ ತನಕ ಯಾವ ಔಷಧವನ್ನೂ ಹಾಕಬಾರದು ಎಂದು ಪಾಠ ಹೇಳಿದ.

ಹಲ್ಲುಕಡ್ಡಿಯಂತೆ. ಊರೆಲ್ಲ ಗರಗಸದ ಡಾಕ್ಟರ್ ಎಂದು ಕರೆಯುವ ನನಗೆ ಇವನು ಲೋಹದ ಪಾಠ ಹೇಳಬೇಕು. ಮಿಲ್ಲಿನಲ್ಲಿ ಅಲಗಿಗೆ ಮರದ ಗೋಂದು ಅಂಟಿದರೆ ಏನು ಮಾಡುತ್ತಿದ್ದೆವು? ಬಿಸಿನೀರಿಗೆ ಕಾಸ್ಟಿಕ್ ಸೋಡಾ ಸುರಿದು ಇಡೀ ಅಲಗನ್ನೇ ಮುಳುಗಿಸುತ್ತಿದ್ದೆವು. ಬೆಳಿಗ್ಗೆ ಎತ್ತಿದರೆ ಫಳಫಳ. ಅದಕ್ಕೇ ಬ್ಯಾಟರಿಯ ಎರಡು ತಂತಿ ಕೊಟ್ಟರೆ ತುಕ್ಕೂ ಸಡಿಲವಾಗುತ್ತದೆ. ಡೇರೆ ಗೂಟಗಳನ್ನು ಹಾಗೇ ಮಾಡಿದೆ. ಈಗ ತಾನೇ ಅಂಗಡಿಯಿಂದ ತಂದ ಹಾಗಿವೆ.

ಬಕೆಟ್ ತನ್ನದು ಎಂದು ಥೆಲ್ಮಾ ಜಗಳ ತೆಗೆದಳು. ಹೊಸದು ತಂದುಕೊಡಬೇಕು.

ಜೂನ್ 24, ಭಾನುವಾರ

ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಕುರಿಮಾಂಸದ ರೋಸ್ಟ್, ಜೊತೆಗೆ ಥೆಲ್ಮಾಳ ಅಪ್ಪ ಕ್ಲೆಮ್. ಇಪ್ಪತ್ತಮೂರು ವರ್ಷದಿಂದ ಎರಡೂ ತಪ್ಪಿಲ್ಲ. ಮುದುಕನಿಗೆ ಎಪ್ಪತ್ತೊಂದು. ಎರಡು ಕಣ್ಣಿಗೂ ಪೊರೆ ಬಂದಿದೆ. ಗ್ರೇವಿಯ ಬಟ್ಟಲು ಎಲ್ಲಿದೆ ಎಂದು ಕೈಯಿಂದ ತಡವುತ್ತಾನೆ, ಆದರೆ ಮಾಂಸದ ದೊಡ್ಡ ತುಂಡು ಯಾವುದೆಂದು ತಿಳಿಯಲು ಕಣ್ಣು ಬೇಕಾಗಿಲ್ಲ.

ನಲವತ್ತನಾಲ್ಕರಲ್ಲಿ ಅವನು ಬ್ರೆಸ್ಸಾನ್‌ನ ಆ ಹೊಲದಲ್ಲೇ ಡೇರೆಯಲ್ಲಿದ್ದವನು. ಯುದ್ಧ ಮುಗಿದ ಮೇಲೆ ಇಲ್ಲಿಗೇ ಮರಳಿ ಬಂದು ಥೆಲ್ಮಾಳ ಅಮ್ಮನನ್ನು ಮದುವೆಯಾದ. ಖುಷಿಯಾಗಬಹುದು ಎಂದು ನಾನು ತೊಳೆದಿಟ್ಟ ಸಾಮಾನನ್ನೆಲ್ಲ ತಟ್ಟೆಯಲ್ಲಿ ಜೋಡಿಸಿ ಅವನ ಮುಂದಿಟ್ಟೆ. ಟೋಪಿಯ ಬಿಲ್ಲೆ, ಗುಂಡಿಗಳು, ಬೂಟಿನ ಹಿಮ್ಮಡಿಯ ಲಾಳ. ಮುದುಕ ಅಂಗೈ ಹಿಂಬದಿಯಿಂದ ತಟ್ಟೆಯನ್ನು ದೂರ ತಳ್ಳಿದ.

"ಸತ್ತೋರ ಜೇಬಿಗೆ ಕೈ ಹಾಕೋಕೆ ಶುರು ಮಾಡಿದ್ದೀಯ. ಬೇರೆ ಕೆಲಸ ಸಿಗಲಿಲ್ವಾ?"

ಕೆಲಸ ಸಿಗಲಿಲ್ಲವಾ ಅಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಶೆಡ್ಡಿಗೆ ಬಂದೆ. ಸಿಹಿ ತಿನ್ನಲಿಲ್ಲ. ಥೆಲ್ಮಾ ಸೇಬಿನ ಪುಡಿಂಗ್ ಮಾಡಿದ್ದಳು ಎಂದು ಈಗ ಗೊತ್ತಾಯಿತು.

ಜೂನ್ 28, ಗುರುವಾರ

ಥೆಲ್ಮಾ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಮುದುಕ ಶೆಡ್ಡಿಗೆ ಬಂದ. ಒಬ್ಬನೇ, ನಡೆದುಕೊಂಡು, ಬೇಲಿ ಹಿಡಿದುಕೊಂಡು. ಕ್ಷಮೆ ಕೇಳಲು ಬಂದಿರಬೇಕು ಅಂದುಕೊಂಡೆ. ಅವನಿಗೆ ಆ ಅಭ್ಯಾಸವಿಲ್ಲ. ಆಗಸ್ಟ್ ಕೊನೆಗೆ ಟೌನ್ಸ್‌ವಿಲ್‌ನಲ್ಲಿರುವ ಕಿರಿಯ ಮಗಳು ಬೆರಿಲ್ ಮನೆಗೆ ಹೋಗಿಬಿಡುತ್ತಾನಂತೆ, ಕಣ್ಣಿನ ಆಪರೇಷನ್ನು ಅಲ್ಲೇ, ಆಮೇಲೆ ಇರುವುದೂ ಅಲ್ಲೇ. ಇಷ್ಟು ಹೇಳಿ ನನ್ನ ಕೆಲಸದ ಬೆಂಚನ್ನು ಬೆರಳಿನಿಂದ ಸವರುತ್ತ ನಿಂತ.

"ಆ ಹೊಲದಲ್ಲಿ ಒಂದು ಮುಚ್ಚಳ ಇದೆ. ಊಟದ ಡಬ್ಬಿದು, ತಟ್ಟೆ ಥರಾನೂ ಬಳಸೋದು, ಅಲ್ಯುಮಿನಿಯಂ. ಟೆಡ್‌ದು."

ಟೆಡ್ ಅವನ ತಮ್ಮ. ಇಬ್ಬರೂ ಒಂದೇ ಡೇರೆಯಲ್ಲಿದ್ದರು, ಟೆಡ್ ನಲವತ್ತೈದರಲ್ಲಿ ಬೋರ್ನಿಯೋದಲ್ಲಿ ಸತ್ತ. ಇಡೀ ಮನೆತನಕ್ಕೆ ಗೊತ್ತಿರುವುದು ಇಷ್ಟೇ. ಫೋಟೋ ಕೂಡ ಇಲ್ಲ. ಮುಚ್ಚಳದ ಅಂಚಿನಲ್ಲಿ ಅವನ ಸೈನ್ಯದ ನಂಬರನ್ನು ಒತ್ತಿದ್ದಾರೆ, ಕೊನೆಯ ಮೂರು ಅಂಕಿ ಆರು ಒಂದು ಎಂಟು. ಒಳಮೈಯಲ್ಲಿ ಹೆಸರು ಮತ್ತು ಇನ್ನೂ ಏನೋ ಗೀಚಿದ್ದಾನೆ ಎಂದ.

"ಸಿಕ್ಕರೆ ಮಣ್ಣು ಬಿಡಿಸಬೇಡ. ಓದೋಕೆ ಹೋಗಬೇಡ. ಹೇಗಿದೆಯೋ ಹಾಗೇ ತಂದು ನನ್ನ ಕೈಗೆ ಕೊಡು, ವರ್ನ್. ಥೆಲ್ಮಾಗೂ ತೋರಿಸಬೇಡ."

ನನ್ನ ಹೆಸರು ಹಿಡಿದು ಅವನು ಏನನ್ನಾದರೂ ಕೇಳಿದ್ದು ಇದೇ ಮೊದಲು. ಆಯಿತು ಎಂದೆ. ಸತ್ತ ತಮ್ಮನದೊಂದು ಸಾಮಾನು, ಅದನ್ನು ಮೊದಲು ಮುಟ್ಟುವ ಹಕ್ಕು ಅವನದೇ. ನಾನು ಅಷ್ಟು ತಿಳಿಯದವನಲ್ಲ.

ಜುಲೈ 5, ಗುರುವಾರ

ಮೂರು ದಿನದಲ್ಲಿ ಬಿಡಾರದ ನಕ್ಷೆ ಹಾಕಿದೆ. ಬಾಟಲಿ ಮುಚ್ಚಳಗಳು ರಾಶಿ ಸಿಗುವ ಕಡೆ ಕ್ಯಾಂಟೀನು. ಮಾಂಸದ ಡಬ್ಬಿ, ಮೂಳೆ ಸಿಕ್ಕರೆ ಅಡುಗೆಯ ಜಾಗ. ಡೇರೆ ಗೂಟಗಳು ಸಾಲಾಗಿ ಸಿಕ್ಕರೆ ಅದು ಮಲಗುವ ಸಾಲು. ಈ ಪುಸ್ತಕದ ಎರಡು ಪುಟಕ್ಕೆ ಗೆರೆ ಎಳೆದು ಗುರುತು ಮಾಡುತ್ತಿದ್ದೇನೆ. ಮಧ್ಯಾಹ್ನ ಊಟ ಮರೆತೆ.

ಜುಲೈ 9, ಸೋಮವಾರ

ಮಾರ್ಟರ್ ಗುಂಡು ಸಿಕ್ಕಿತು, ಸಿಡಿಯದೇ ಉಳಿದದ್ದು. ಪೊಲೀಸಿಗೆ ಹೇಳಿದೆ, ಅವರು ಸೈನ್ಯಕ್ಕೆ ಹೇಳಿದರು. ಇಡೀ ದಿನ ರಸ್ತೆಯಲ್ಲಿ ನಿಲ್ಲಿಸಿದರು. ಥೆಲ್ಮಾಗೆ ಹೇಳಿಲ್ಲ. ಅವಳಿಗೆ ಆಸ್ಪತ್ರೆಯಲ್ಲೇ ಸುದ್ದಿ ಸಿಕ್ಕಿದೆ. ಈ ರಾತ್ರಿ ನನಗೆ ಬರೀ ಬ್ರೆಡ್ಡು.

ಜುಲೈ 14, ಶನಿವಾರ

ಇವತ್ತು ಕ್ಲೆಮ್ ಹೊಲಕ್ಕೇ ಬಂದ. ಹಾಲಿನ ಕ್ರೇಟು ಬೋರಲು ಹಾಕಿ ಕೂರಿಸಿ, ಫ್ಲಾಸ್ಕಿನ ಚಹಾ ಕೈಗೆ ಕೊಟ್ಟೆ. ಕಣ್ಣಿಗೆ ಏನೂ ಕಾಣದಿದ್ದರೂ ಗಾಳಿ ಬೀಸುವ ದಿಕ್ಕಿನಿಂದ, ತೊರೆಯ ಸದ್ದಿನಿಂದ ಲೆಕ್ಕ ಹಾಕಿ ಕೈ ತೋರಿಸಿದ: ಅಲ್ಲಿ ನಮ್ಮ ಸಾಲು, ಅದರ ಹಿಂದೆ ಕಸದ ಗುಂಡಿ. ನಾನು ಹಾಕಿದ ನಕ್ಷೆಗೂ ಅವನ ಕೈಗೂ ಹತ್ತು ಹೆಜ್ಜೆಯ ವ್ಯತ್ಯಾಸ. ಭೇಷ್ ಅಂದ. ನನಗೆ ಭೇಷ್ ಅಂದ.

ಟೆಡ್ ನಿದ್ದೆಯಲ್ಲಿ ಹಾಡುತ್ತಿದ್ದನಂತೆ. ಎದ್ದ ಮೇಲೆ ಕೇಳಿದರೆ ಒಪ್ಪುತ್ತಿರಲಿಲ್ಲವಂತೆ. ಕಾಗದ ಬರೆ ಎಂದರೆ ಪೆನ್ಸಿಲ್ ಕಳೆದುಹೋಯಿತು ಎನ್ನುತ್ತಿದ್ದ, ಮನೆಗೆ ಒಂದು ಕಾರ್ಡೂ ಹಾಕಿದವನಲ್ಲ. ಇಷ್ಟನ್ನು ಹೇಳುವುದಕ್ಕೆ ಕ್ಲೆಮ್‌ಗೆ ಎರಡು ಲೋಟ ಚಹಾ ಬೇಕಾಯಿತು.

ನಾವು ಹೊರಡುವ ಹೊತ್ತಿಗೆ ಅರಣ್ಯದವರ ಜೀಪು ರಸ್ತೆಯಲ್ಲಿ ನಿಂತಿತು. ಕೆವ್ ಕೈ ಬೀಸಿದ. ನಾನು ಗುದ್ದಲಿಯ ಮಣ್ಣು ಕೆರೆಯುತ್ತ ಬೆನ್ನು ತಿರುಗಿಸಿದೆ. ಜೀಪು ಹೋದ ಮೇಲೆ ಕ್ಲೆಮ್, ಮಾತು ಬಿಟ್ಟು ಎಷ್ಟು ದಿನವಾಯಿತು ಎಂದು ಕೇಳಿದ. ಏಪ್ರಿಲ್‌ನಿಂದ ಎಂದೆ. ಅವನು ಲೋಟವನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಕೈಗೆ ಕೊಟ್ಟ.

ಆಗಸ್ಟ್ ಆರಕ್ಕೆ ಆಲೂಗಡ್ಡೆಗೆ ಉಳುತ್ತೇನೆ ಎಂದಿದ್ದಾನೆ ಬ್ರೆಸ್ಸಾನ್. ನೇಗಿಲು ಹಾಯ್ದರೆ ಮುಗಿಯಿತು, ಮುಚ್ಚಳ ಚೂರುಚೂರಾಗುತ್ತದೆ.

ಜುಲೈ 20, ಶುಕ್ರವಾರ

ಕಸದ ಗುಂಡಿ ಸಿಕ್ಕಿತು. ಕೈರ್ನ್ಸ್‌ನ ಹಳೇ ಸಾಮಾನಿನ ಅಂಗಡಿಯವನು ಫೋನು ಮಾಡಿ ಬಿಲ್ಲೆಗಳಿದ್ದರೆ ಕೊಡು ಎಂದ. ಈಗ ಪುರಸೊತ್ತಿಲ್ಲ ಎಂದು ಇಟ್ಟೆ.

ಜುಲೈ 27, ಶುಕ್ರವಾರ

ಗುಂಡಿಯ ತಳ ಮುಟ್ಟಿದೆ. ತಂತಿ, ಸೀಮೆಎಣ್ಣೆ ಡಬ್ಬಿ, ಸರಪಳಿ ಎಲ್ಲ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡು ತಲೆ ಗಾತ್ರದ ಮುದ್ದೆಗಳಾಗಿವೆ. ಐದು ಮುದ್ದೆ ತಂದೆ. ಉಳುಮೆಗೆ ಇನ್ನು ಹತ್ತೇ ದಿನ. ಬಿಡಿಸುತ್ತ ಕೂತರೆ ಆಗುವುದಿಲ್ಲ. ಐದನ್ನೂ ಬಕೆಟ್ಟಿಗೆ ಹಾಕಿ ಕಾಸ್ಟಿಕ್ ಸ್ವಲ್ಪ ಜಾಸ್ತಿಯೇ ಸುರಿದು ಬಂದೆ. ನಾಳೆ ನೋಡೋಣ.

ಜುಲೈ 28, ಶನಿವಾರ

ಮೂರನೆಯ ಮುದ್ದೆಯೊಳಗೆ ಇತ್ತು.

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಬಕೆಟ್ಟು ಗುಳುಗುಳು ಎನ್ನುತ್ತಿತ್ತು. ಉಕ್ಕು ಹಾಗೆ ಸದ್ದು ಮಾಡುವುದಿಲ್ಲ. ಎತ್ತಿ ನೀರಿಗೆ ಹಾಕುವಷ್ಟರಲ್ಲಿ ನಡುಭಾಗ ಹಳೆಯ ಕರವಸ್ತ್ರದ ಹಾಗೆ ತೂತುತೂತು. ಕರೀ ನೊರೆ ತೊಳೆದರೆ ಕೆಳಗೆ ಏನೂ ಇಲ್ಲ, ಹೆಸರಿಲ್ಲ, ಒಂದು ಅಕ್ಷರವಿಲ್ಲ. ಅಂಚು ಮಡಿಸಿದ ಕಡೆ ದಪ್ಪ ಇರುವುದರಿಂದ ನಂಬರು ಮಾತ್ರ ಉಳಿದಿದೆ. ಆರು, ಒಂದು, ಎಂಟು.

ಅಲ್ಯುಮಿನಿಯಂ ಎಂದು ಕ್ಲೆಮ್ ಬಾಯಿಬಿಟ್ಟು ಹೇಳಿದ್ದರು. ಕಾಸ್ಟಿಕ್ ಅಲ್ಯುಮಿನಿಯಂ ತಿನ್ನುತ್ತದೆ ಎಂದು ಮಿಲ್ಲಿಗೆ ಸೇರಿದ ಮೊದಲ ವಾರವೇ ನನಗೆ ಕಲಿಸಿದ್ದರು. ಇಪ್ಪತ್ತಾರು ವರ್ಷ ಉಕ್ಕಿನ ಜೊತೆಗೇ ಬದುಕಿ, ಕೊಳೆ ಕಂಡರೆ ಮುಳುಗಿಸು ಎನ್ನುವುದೊಂದೇ ಕೈಗೆ ಅಭ್ಯಾಸವಾಗಿದೆ. ಮೂರು ದಿನ ಬರೀ ನೀರು ಎಂದಿದ್ದ ಆ ಸಂಘದವನು. ಮೂರೇ ದಿನ.

ನಲವತ್ತೈದು ವರ್ಷ ಮಣ್ಣು ಕಾಪಾಡಿದ್ದನ್ನು ನಾನು ಒಂದು ರಾತ್ರಿಗೆ ಮುಗಿಸಿದೆ.

ಜುಲೈ 29, ಭಾನುವಾರ

ಕ್ಲೆಮ್ ಊಟಕ್ಕೆ ಬಂದಿದ್ದರು. ಏನಾದರೂ ಸಿಕ್ಕಿತೇ ಎಂದು ಥೆಲ್ಮಾ ಒಳಗೆ ಹೋದಾಗ ಮೆಲ್ಲಗೆ ಕೇಳಿದರು. ಇಲ್ಲ ಎಂದೆ.

ಆಗಸ್ಟ್ 1, ಬುಧವಾರ

ಒಂದು ಯೋಚನೆ ಬಂದಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ, ಓದುವವರು ಯಾರೂ ಇಲ್ಲವಲ್ಲ.

ಕ್ಯಾಂಟೀನಿನ ಹತ್ತಿರ ಅಂಥದ್ದೇ ಇನ್ನೊಂದು ಮುಚ್ಚಳ ಸಿಕ್ಕಿತ್ತು, ಹೆಸರೂ ನಂಬರೂ ಇಲ್ಲದ್ದು. ಅದರ ಅಂಚಿಗೆ ಟೆಡ್‌ನ ನಂಬರು ಒತ್ತಿದೆ. ಒಳಮೈಯಲ್ಲಿ ಮೊಳೆಯಿಂದ ಅವನ ಹೆಸರು ಗೀಚಿದೆ. ಹೊಸ ಗೆರೆ ಬೆಳ್ಳಗೆ ಹೊಳೆಯುತ್ತದೆ, ಅದಕ್ಕೆ ಕೆಂಪು ಮಣ್ಣು ತಿಕ್ಕಿ, ಚಹಾದ ಕಷಾಯದಲ್ಲಿ ಅದ್ದಿ, ಮತ್ತೆ ಮಣ್ಣು ತಿಕ್ಕಿದೆ. ಮಾಡಿದ ನಾನೇ ಮೋಸಹೋಗುವಷ್ಟು ಚೆನ್ನಾಗಿ ಬಂದಿದೆ. ಹೆಸರಿನ ಕೆಳಗೆ ಇನ್ನೂ ಏನೋ ಇತ್ತು ಎಂದಿದ್ದರಲ್ಲ, ಅದು ಏನೆಂದು ನನಗೆ ಗೊತ್ತಿಲ್ಲ. ಅಲ್ಲಿ ಖಾಲಿ ಬಿಟ್ಟು ಸುಮ್ಮನೆ ಉಜ್ಜಿ ಸವೆಸಿದೆ.

ಅವರಿಗೆ ಕಣ್ಣು ಕಾಣುವುದಿಲ್ಲ. ಖುಷಿಯಾಗಿ ಟೌನ್ಸ್‌ವಿಲ್‌ಗೆ ಹೋಗುತ್ತಾರೆ. ಇದರಿಂದ ಯಾರಿಗೆ ನಷ್ಟ?

ಆಗಸ್ಟ್ 4, ಶನಿವಾರ

ಥೆಲ್ಮಾ ತನ್ನ ಬಕೆಟ್ ಹುಡುಕಿಕೊಂಡು ಶೆಡ್ಡಿಗೆ ಬಂದಳು. ಬೆಂಚಿನ ಮೇಲೆ ಎರಡೂ ಮುಚ್ಚಳ ಇದ್ದವು, ತೂತಿನದೂ ನನ್ನದೂ. ಅಂಚಿನ ನಂಬರು ಎರಡರಲ್ಲೂ ಒಂದೇ. ಅವಳು ಬಹಳ ಚುರುಕು, ಹೆಚ್ಚು ಹೇಳಬೇಕಾಗಿ ಬರಲಿಲ್ಲ. ಎಲ್ಲ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ನನ್ನ ಮುಚ್ಚಳವನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಸವರಿ ಕೆಳಗಿಟ್ಟಳು.

"ಅಪ್ಪನಿಗೆ ಕಣ್ಣು ಹೋಗಿದೆ ವರ್ನ್, ಬೆರಳು ಹೋಗಿಲ್ಲ."

ಬಕೆಟ್ ಬಿಟ್ಟು ಹೋದಳು. ಅಪ್ಪನಿಗೆ ತಾನು ಹೇಳುವುದಿಲ್ಲ ಎಂದೂ ಹೇಳಲಿಲ್ಲ, ಹೇಳುತ್ತೇನೆ ಎಂದೂ ಹೇಳಲಿಲ್ಲ.

ಆಗಸ್ಟ್ 5, ಭಾನುವಾರ

ಹೇಳಿಬಿಟ್ಟೆ.

ಊಟವಾದ ಮೇಲೆ ಕ್ಲೆಮ್‌ರನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ಸ್ಟೂಲಿನ ಮೇಲೆ ಕೂರಿಸಿ, ತೂತು ಬಿದ್ದ ಮುಚ್ಚಳವನ್ನು ಕೈಯಲ್ಲಿಟ್ಟೆ. ಇದು ಟೆಡ್‌ನದು, ವಾರದ ಹಿಂದೆಯೇ ಸಿಕ್ಕಿತ್ತು, ಕಾಸ್ಟಿಕ್‌ಗೆ ಹಾಕಿ ಹಾಳು ಮಾಡಿದವನು ನಾನು, ನಿಮಗೆ ಸುಳ್ಳು ಹೇಳಿದವನೂ ನಾನೇ. ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರ ಬೆರಳು ಮೊದಲು ಅಂಚಿಗೆ ಹೋಯಿತು, ಮೂರು ಅಂಕಿಗಳ ಮೇಲೆ ನಿಂತಿತು. ಆಮೇಲೆ ನಡುವಿಗೆ ಬಂತು.

"ಬರೆದದ್ದು?"

ಹೋಯಿತು ಎಂದೆ.

"ಪೂರ್ತಿ? ಒಂದು ಅಕ್ಷರಾನೂ ಉಳಿದಿಲ್ವಾ? ನೀನು ಓದಿದ್ಯಾ?"

ಓದಲು ಏನೂ ಉಳಿದಿರಲಿಲ್ಲ ಎಂದೆ. ಆಗ ಅವರು ನಕ್ಕರು. ನನಗೆ ಅರ್ಥವಾಗಲಿಲ್ಲ. ಎದೆಯ ಮೇಲಿಂದ ಮರದ ದಿಮ್ಮಿ ಸರಿಸಿದ ಹಾಗೆ ದೊಡ್ಡ ಉಸಿರು ಬಿಟ್ಟು ನಕ್ಕರು. ಒಳ್ಳೆಯದಾಯಿತು ಬಿಡು ಎಂದರು. ನನ್ನ ಮನಸ್ಸಿಗೆ ನೋವಾಗದಿರಲಿ ಎಂದು ಹಾಗೆ ಹೇಳಿದರೋ ಏನೋ. ನಗುತ್ತಲೇ ಇದ್ದವರು ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಅಳಲು ಶುರು ಮಾಡಿದರು. ನಾನು ಏನು ಮಾಡಲಿ? ಭುಜದ ಮೇಲೆ ಕೈ ಇಟ್ಟೆ. ಇಪ್ಪತ್ತಮೂರು ವರ್ಷದಲ್ಲಿ ಅವರನ್ನು ಮುಟ್ಟಿದ್ದು ಮದುವೆಯ ದಿನ ಕೈಕುಲುಕಿದಾಗ ಮಾತ್ರ.

ಆಗಸ್ಟ್ 6, ಸೋಮವಾರ

ಬ್ರೆಸ್ಸಾನ್ ಉಳುತ್ತಿದ್ದಾನೆ. ಟ್ರ್ಯಾಕ್ಟರಿನ ಸದ್ದು ಇಲ್ಲಿಗೇ ಕೇಳುತ್ತದೆ.

ಆಗಸ್ಟ್ 8, ಬುಧವಾರ

ಕ್ಲೆಮ್ ಬಂದಿದ್ದರು. ಇದನ್ನು ಸರಿಯಾಗಿ ಬರೆಯಬೇಕು.

ನಲವತ್ತೈದರ ಶುರುವಿನಲ್ಲಿ ಅವರ ಅಮ್ಮನಿಗೆ ತೀರಾ ಹುಷಾರಿಲ್ಲ ಎಂದು ಅವರ ಊರು ಚಾರ್ಟರ್ಸ್ ಟವರ್ಸ್‌ನಿಂದ ತಂತಿ ಬಂತು. ರಜೆ ಒಬ್ಬನಿಗೆ ಮಾತ್ರ, ನೀವೇ ತೀರ್ಮಾನಿಸಿಕೊಳ್ಳಿ ಎಂದ ಅಧಿಕಾರಿ. ಅಣ್ಣತಮ್ಮ ಬೆಂಕಿಕಡ್ಡಿ ಎತ್ತಿದರು. ಗಿಡ್ಡ ಕಡ್ಡಿ ಬಂದವನು ಉಳಿಯಬೇಕು. ಕಡ್ಡಿ ಹಿಡಿದವರು ಕ್ಲೆಮ್. ಟೆಡ್ ಒಂದನ್ನು ಎಳೆದ, ಗಿಡ್ಡ ಬಂತು. ಕ್ಲೆಮ್ ತಮ್ಮದೇ ಕೈಯಲ್ಲಿ ಉಳಿದದ್ದನ್ನು ಹುಲ್ಲಿಗೆ ಎಸೆದು ರೈಲು ಹತ್ತಿದರು. ಮೂರನೆಯ ದಿನ ಅಮ್ಮ ತೀರಿಕೊಂಡಳು. ಅಷ್ಟು ದಿನವೂ ಅವಳು ಕೇಳಿದ್ದು ಟೆಡ್‌ನನ್ನು. ಅವನು ಕಿರಿಯವನು.

"ಎರಡನ್ನೂ ಮುರಿದಿದ್ದೆ, ವರ್ನ್. ಯಾವುದು ಎಳೆದಿದ್ರೂ ಅವನಿಗೆ ಗಿಡ್ಡದೇ."

ಎಸೆದ ಕಡ್ಡಿಯನ್ನು ಡೇರೆಯವನೊಬ್ಬ ನೋಡಿದ್ದ. ಕ್ಲೆಮ್ ಹಿಂತಿರುಗುವ ಹೊತ್ತಿಗೆ ಟೆಡ್‌ಗೆ ಮೋಸ ಗೊತ್ತಾಗಿತ್ತು. ಅವನು ಕೂಗಾಡಲಿಲ್ಲ. ಮೊಳೆ ತೆಗೆದುಕೊಂಡು ತನ್ನ ಊಟದ ಡಬ್ಬಿಯ ಮುಚ್ಚಳದ ಒಳಮೈಯಲ್ಲಿ, ಹೆಸರಿನ ಕೆಳಗೆ, ಒಂದು ಸಾಲು ಗೀಚಿದ. ದಿನಕ್ಕೆ ಮೂರು ಹೊತ್ತು ಅಣ್ಣನ ಎದುರಿಗೇ ಬಂದು ಕೂತು, ಬರೆದದ್ದು ಅಣ್ಣನಿಗೆ ಕಾಣುವ ಹಾಗೆ ಮುಚ್ಚಳವನ್ನು ನಿಲ್ಲಿಸಿಕೊಂಡು ಉಣ್ಣುತ್ತಿದ್ದ. ಆರು ವಾರ ಒಂದು ಮಾತಿಲ್ಲ. ಹಡಗು ಹತ್ತುವ ಮೂರು ದಿನ ಮುಂಚೆ ಕ್ಲೆಮ್ ಅದನ್ನು ಕದ್ದು ಕಸದ ಗುಂಡಿಯ ತಳಕ್ಕೆ ಎಸೆದರು. ಟೆಡ್ ಯಾರನ್ನೂ ಕೇಳಲಿಲ್ಲ. ಯಾರದೋ ಡಬ್ಬಿ ಎರವಲು ತಂದು ಉಂಡ. ಬೋರ್ನಿಯೋಗೆ ಹೋದ ಹನ್ನೊಂದನೆಯ ದಿನ ಸತ್ತ.

ಅದನ್ನು ಯಾರಾದರೂ ಅಗೆದು ತೆಗೆದು ಓದಿಬಿಡುತ್ತಾರೆ ಎನ್ನುವ ಹೆದರಿಕೆಯಲ್ಲೇ ಆ ಹೊಲದ ಪಕ್ಕ ನಲವತ್ತೈದು ವರ್ಷ ಕಳೆದೆ ಎಂದರು. ನಾನು ಡಿಟೆಕ್ಟರ್ ಹಿಡಿದೆನೆಂದೇ ಅವತ್ತು ಶೆಡ್ಡಿಗೆ ನಡೆದು ಬಂದದ್ದಂತೆ. ಅದು ಸಿಕ್ಕರೆ ಸುತ್ತಿಗೆಯಲ್ಲಿ ಜಜ್ಜಿಬಿಡಬೇಕು ಎಂದುಕೊಂಡಿದ್ದರಂತೆ. ನಾನೇ ಆ ಕೆಲಸ ಮಾಡಿಕೊಟ್ಟಿದ್ದೆ.

ಹಾಗಾದರೆ ಮುಗಿಯಿತಲ್ಲ, ಯಾರಿಗೂ ಗೊತ್ತಾಗುವುದಿಲ್ಲ, ಮರೆತುಬಿಡಿ ಎಂದೆ. ಅವರು ತಲೆ ಆಡಿಸಿದರು.

"ಭಾನುವಾರ ನಾನೂ ಹಾಗೇ ಅಂದ್ಕೊಂಡೆ. ಮನೆಗೆ ಹೋಗಿ ಕೂತಾಗ ಹೊಳೀತು. ಟೆಡ್ ಕಾಗದ ಬರೆದೋನಲ್ಲ, ಫೋಟೋ ತೆಗೆಸಿದೋನಲ್ಲ. ಅವನು ತನ್ನ ಕೈಯಾರೆ ಬರೆದದ್ದು ಅದೊಂದೇ ಸಾಲು. ಅದೂ ಹೋದರೆ ಅವನು ಇದ್ದ ಅನ್ನೋದಕ್ಕೆ ಏನಿದೆ? ಅದನ್ನ ನೀನು ಮತ್ತೆ ಕೆತ್ತು. ನಾನು ಹೇಳ್ತೀನಿ."

ಆಗ ನಾನು ನನ್ನ ಸುಳ್ಳು ಮುಚ್ಚಳವನ್ನು ಹೊರಗೆ ತೆಗೆದು, ಅದರ ಕಥೆಯನ್ನೂ ಹೇಳಿದೆ. ಅವರು ಸವರಿ ನೋಡಿದರು. ಇಂಥದ್ದರಲ್ಲಿ ನೀನೂ ನನಗೇನು ಕಡಿಮೆ ಇಲ್ಲ ಎಂದರು. ಇಬ್ಬರಿಗೂ ನಗು ಬಂತು. ಖಾಲಿ ಬಿಟ್ಟ ಜಾಗ ಸರಿಯಾಗಿ ಅದೇ ಜಾಗದಲ್ಲಿತ್ತು.

ಟೆಡ್ ಮೊಳೆಯಲ್ಲಿ ಗೀಚಿದ್ದು, ಆದ್ದರಿಂದ ನಾನೂ ಬಿಡಾರದಲ್ಲಿ ಸಿಕ್ಕ ಮೊಳೆಯೊಂದನ್ನೇ ಚೂಪು ಮಾಡಿಕೊಂಡೆ. ಕ್ಲೆಮ್ ಬೆಂಚಿನ ಮರದ ಹೊಟ್ಟಿನ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ತೋರಿಸಿದರು, ಎಷ್ಟು ದಪ್ಪ, ಎಷ್ಟು ಓರೆ. ಒಂದೂ ಮರೆತಿರಲಿಲ್ಲ. ನಾನು ನಿಧಾನವಾಗಿ ಎಳೆದೆ. ನಾಲ್ಕು ಮಾತಿಗೆ ಒಂದೂವರೆ ಗಂಟೆ ಹಿಡಿಯಿತು. ಗರಗಸಕ್ಕೂ ಅಷ್ಟು ನಿಧಾನ ಮಾಡಿದವನಲ್ಲ ನಾನು. ಕೊನೆಯ ಮಾತಿಗೆ ಬಂದಾಗ ಅವರು ಮೊಳೆ ಕೇಳಿದರು.

"ನನ್ನ ಹೆಸರು ನಾನೇ ಬರೀತೀನಿ."

ಮೊಳೆ ಕೊಟ್ಟೆ. ಮುಚ್ಚಳ ಜಾರದ ಹಾಗೆ ನಾನು ಹಿಡಿದುಕೊಂಡೆ. ಅವರ ಹೆಸರು ಸೊಟ್ಟಗಾಗಿದೆ, ಸಾಲಿನಿಂದ ಕೆಳಗಿಳಿದಿದೆ. ಆದರೆ ಓದಬಹುದು.

*ಎರಡೂ ಕಡ್ಡಿ ಗಿಡ್ಡವೇ ಇದ್ದವು, ಕ್ಲೆಮ್.*

ಹೊಸ ಗೆರೆಗೆ ಮಣ್ಣು ತಿಕ್ಕಲೇ ಎಂದು ಕೇಳಿದೆ. ಬೇಡ, ಹೊಳೆಯಲಿ ಬಿಡು ಎಂದರು.

ಆಗಸ್ಟ್ 26, ಭಾನುವಾರ

ಕ್ಲೆಮ್‌ರ ಕೊನೆಯ ಭಾನುವಾರ. ಥೆಲ್ಮಾಗೆ ಎಲ್ಲವನ್ನೂ ತಾವೇ ಹೇಳಿದ್ದರು. ತಟ್ಟೆ ಬೇಡ ಎಂದು ಮುಚ್ಚಳವನ್ನು ಮೇಜಿನ ಮೇಲಿಟ್ಟು, ಅದರಲ್ಲೇ ಬಡಿಸು ಎಂದರು. ಥೆಲ್ಮಾ ಮಾಂಸ, ಕುಂಬಳ, ಬಟಾಣಿ ಹಾಕಿದಳು. ಗ್ರೇವಿಗೆ ಮುಂಚೆ ಒಂದು ಗಳಿಗೆ ತಡೆದಳು, ಆಮೇಲೆ ಹಾಕಿದಳು. ಅವರು ಒಂದು ಕಾಳೂ ಬಿಡದೆ ಉಂಡು, ತಳ ಬಂದಾಗ ಬ್ರೆಡ್ಡಿನಿಂದ ಒರೆಸಿ, ಬೆರಳಿನಿಂದ ಸಾಲನ್ನು ತಡವಿದರು. ತೊಳೆಯಲು ಯಾರಿಗೂ ಕೊಡಲಿಲ್ಲ.

ಸಿಂಕಿನ ಹತ್ತಿರ ನಾನು ಒರೆಸುವ ಬಟ್ಟೆ ಹಿಡಿದು ನಿಂತಿದ್ದೆ. ನನ್ನ ಕಡೆ ತಿರುಗದೆಯೇ ಹೇಳಿದರು.

"ಟೆಡ್ ನನ್ನ ಹಲ್ಲು ಮುರಿದಿದ್ರೂ ಪರವಾಗಿರಲಿಲ್ಲ. ಬೈದಿದ್ರೂ ಆಗ್ತಿತ್ತು. ಆರು ವಾರ ಎದುರಿಗೆ ಕೂತು ಮಾತಾಡಲಿಲ್ಲ ನೋಡು, ಅದು ಇವತ್ತಿಗೂ ಕಿವೀಲಿದೆ."

ಆಗಸ್ಟ್ 31, ಶುಕ್ರವಾರ

ಬೆರಿಲ್ ಬಂದು ಮಾವನವರನ್ನು ಕರೆದುಕೊಂಡು ಹೋದಳು. ಮುಚ್ಚಳವನ್ನು ಪೆಟ್ಟಿಗೆಯಲ್ಲಿಡಲು ಒಪ್ಪದೆ ತೊಡೆಯ ಮೇಲಿಟ್ಟುಕೊಂಡು ಕೂತರು. ತೂತಿನದನ್ನು ನನಗೆ ಬಿಟ್ಟು ಹೋಗಿದ್ದಾರೆ. ಬೆಂಚಿನ ಮೇಲಿನ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದೇನೆ, ಬಕೆಟ್ಟಿನ ನೇರಕ್ಕೆ.

ಸಂಘದ ಕಾರ್ಯದರ್ಶಿಗೆ ಫೋನು ಮಾಡಿ ಎಣ್ಣೆ ಯಾವುದು ಒಳ್ಳೆಯದು ಎಂದು ಕೇಳಿದೆ. ಆಲಿವ್ ಎಣ್ಣೆಯಂತೆ. ಹಲ್ಲುಕಡ್ಡಿ ಒಂದು ಪೊಟ್ಟಣ ತಂದೆ.

ಇವತ್ತು ಬೇರೆ ವಿಶೇಷ ಏನಿಲ್ಲ. ಡಿಟೆಕ್ಟರ್ ಅರ್ಧ ಕೆವ್‌ನದು, ನನ್ನ ಶೆಡ್ಡಿನಲ್ಲಿ ಸುಮ್ಮನೆ ಬಿದ್ದಿದೆ ಎಂದು ಸಂಜೆ ಅವನ ಮನೆಗೆ ಒಯ್ದೆ. ಗೇಟಿನಲ್ಲಿ ನನ್ನನ್ನು ಕಂಡು ಹಸಿರು ಅಂಗಿಯಲ್ಲೇ ಹೊರಗೆ ಬಂದ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು ಎಂದೆ. ಬೈದ. ಕಾಲು ಗಂಟೆ ಬೈದ, ಚೆನ್ನಾಗಿಯೇ ಬೈದ, ನನ್ನ ಅಪ್ಪನನ್ನೂ ಬಿಡಲಿಲ್ಲ. ನಾನೂ ಏಪ್ರಿಲ್‌ನಿಂದ ಕೂಡಿಟ್ಟದ್ದನ್ನೆಲ್ಲ ಬೈದೆ. ಅವನ ಹೆಂಡತಿ ಕಿಟಕಿ ಮುಚ್ಚಿದಳು. ಆಮೇಲೆ ಒಳಗೆ ಕರೆದ.

ಷರಾ: ಕೆವ್‌ನ ಮನೆಯ ಚಾಕು ಒಂದಕ್ಕೂ ಹರಿತವಿಲ್ಲ. ನಾಳೆ ಅರ ತೆಗೆದುಕೊಂಡು ಹೋಗಬೇಕು.